ಬುಧವಾರ, ರಾತ್ರಿ 11.59

ಚಪ್ಪಲಿ ಹೊರಗೇ ಬಿಡಿ, ಒಳಗೆ ನೆಲ ಒರೆಸಿದ್ದು ಇನ್ನೂ ಆರಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಈ ಪಡಸಾಲೆಗೆ ನೀವು ಬುಧವಾರ ರಾತ್ರಿಯೇ ಬಂದಿದ್ದೀರಿ, ಹಾಗಾಗಿ ಕುರ್ಚಿ ಸಿಗುವುದಿಲ್ಲ. ಚಾಪೆಯ ಮೇಲೆ ಕೂರಿ. ಗೋಡೆಗೆ ಒರಗುವ ಮುಂಚೆ ಒಮ್ಮೆ ಮುಟ್ಟಿ ನೋಡಿ. ಶ್ರಾವಣದ ಜಿಟಿಜಿಟಿ ಮಳೆ ಮೂರು ದಿನದಿಂದ ಹಿಡಿದದ್ದು ಬಿಟ್ಟಿಲ್ಲ, ಮೂಡಣ ಗೋಡೆ ತೇವ ಕುಡಿದು ಕೂತಿದೆ. ಈಗ ಗಂಟೆ ಹತ್ತು ಹತ್ತು. ಚಾಪೆಯ ನಡುವೆ ಪಂಚಮಿ ಉಂಡಿಯ ಡಬ್ಬಿ ಇದೆ. ಶೇಂಗಾದ್ದು ಬಾಗಲಕೋಟೆಯದು, ಎಳ್ಳಿನದು ಗದಗಿನದು. ಹಾವೇರಿಯ ರವೆ ಉಂಡಿ ಸೋಮವಾರವೇ ಮುಗಿದಿದೆ.

ಮೂವರು ಹುಡುಗಿಯರು ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾರೆ, ಎಂಜಿನಿಯರಿಂಗ್ ಐದನೇ ಸೆಮಿಸ್ಟರ್. ನನ್ನ ವೈಫೈ ಮೆಟ್ಟಿಲು ಹತ್ತುವುದಿಲ್ಲ. ಆದ್ದರಿಂದ ಬುಧವಾರ ಬಂದರೆ ಮೂರು ಲ್ಯಾಪ್‌ಟಾಪು, ಮೂರು ಚಾರ್ಜರು, ಒಂದು ಎಕ್ಸ್‌ಟೆನ್ಷನ್ ಬಾಕ್ಸು ಕೆಳಗಿಳಿಯುತ್ತವೆ. ಹೆಸರು ಹೇಳುವುದಿಲ್ಲ. ಅವರೂ ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುವುದು: ಏ ಬಾಗಲಕ್ವಾಟಿ, ಏ ಗದಗ, ಏ ಹಾವೇರಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟು ನಿವೃತ್ತನಾದ ನಾನು ಮೂಲೆಯಲ್ಲಿ ಪೇಪರ್ ಓದುವವನ ಹಾಗೆ ಕೂತಿರುತ್ತೇನೆ. ಓದುವುದೇನೂ ಇಲ್ಲ, ಇವರನ್ನು ನೋಡುವುದು.

ಬುಧವಾರವೇ ಯಾಕೆಂದರೆ, ಎನ್‌ಪಿಟಿಇಎಲ್ ಕೋರ್ಸಿನ ವಾರದ ಅಸೈನ್‌ಮೆಂಟಿಗೆ ಗಡುವು ಬುಧವಾರ ರಾತ್ರಿ 11.59. ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಈ ಎನ್‌ಪಿಟಿಇಎಲ್. ಸರ್ಟಿಫಿಕೇಟ್ ಕೊಡತೊಡಗಿದ್ದು 2014ರಿಂದ. ಹೆಸರು ಕೊಡಲು ದುಡ್ಡಿಲ್ಲ. ಪರೀಕ್ಷೆಗೆ ಕೂರಬೇಕೆಂದರೆ ಮಾತ್ರ 1000 ರೂಪಾಯಿ. ಹನ್ನೆರಡು ವಾರದ ಕೋರ್ಸಾದರೆ ಹನ್ನೆರಡು ಅಸೈನ್‌ಮೆಂಟಿನಲ್ಲಿ ಒಳ್ಳೆಯ ಎಂಟನ್ನು ಲೆಕ್ಕಕ್ಕೆ ಹಿಡಿದು 25 ಅಂಕ, ಕೇಂದ್ರಕ್ಕೆ ಹೋಗಿ ಕಾವಲಿನಲ್ಲಿ ಬರೆಯುವ ಪರೀಕ್ಷೆಗೆ 75. ಇವತ್ತು ಮೂರನೇ ವಾರ. ವಿಷಯ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್. ಮೂರನೇ ವಾರವೆಂದರೆ ಕನ್ವಲ್ಯೂಷನ್. ಹಳೆಯ ಮೇಷ್ಟರಾಗಿ ಹೇಳುತ್ತೇನೆ, ಈ ವಿಷಯದಲ್ಲಿ ಮಕ್ಕಳು ಉದುರುವುದು ಇಲ್ಲಿಯೇ.

ಈಗ ಮೂರೂ ಪರದೆಗಳನ್ನು ನೋಡಿ. ಒಂದೇ ಕೋರ್ಸು, ಒಂದೇ ವಿಡಿಯೊ. ಆದರೆ ಅದು ಮೂರು ಮನೆಗೆ ಮೂರು ದಾರಿಯಿಂದ ಬಂದಿದೆ.

ಬಾಗಲಕೋಟೆಯವಳು ತಾನೇ ಆರಿಸಿದ್ದು. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆಯುವ ಹಟ ಇದೆ. ಯಾರೂ ಹೇಳಲಿಲ್ಲ, ಜುಲೈನಲ್ಲಿ ಒಂದು ರಾತ್ರಿ ಪಟ್ಟಿ ಇಳಿಸುತ್ತ ಇಳಿಸುತ್ತ ಸಿಕ್ಕಿದ್ದಕ್ಕೆಲ್ಲ ಹೆಸರು ಕೊಟ್ಟಳು: ಸಿಗ್ನಲ್ಸ್, ಪೈಥಾನ್, ಮಷೀನ್ ಲರ್ನಿಂಗ್, ಜರ್ಮನ್ ಭಾಷೆ, ಅದರ ಮೇಲೊಂದು ಸೈಕಾಲಜಿ. ಐದು. ಹಾವೇರಿಯವಳದು ವಿಭಾಗದಿಂದ ಬಂದ ಸುತ್ತೋಲೆ. ಕ್ರೆಡಿಟ್ಟಿಗೆ ಕಡ್ಡಾಯ, ಪಟ್ಟಿಯಲ್ಲಿ ಮೂರೇ ಕೋರ್ಸು, ಎರಡು ಆಗಲೇ ತುಂಬಿದ್ದವು ಅಂತ ಯಾರೋ ಅಂದರು. ಆನ್‌ಲೈನ್ ಕೋರ್ಸು ಹೇಗೆ ತುಂಬುತ್ತದೆ ಅಂತ ಆಕೆಯೂ ಕೇಳಲಿಲ್ಲ. ಗದಗಿನವಳದು ಅಪ್ಪನ ಮಾತು. ಅಪ್ಪ ಕನ್ನಡ ಮೀಡಿಯಮ್ಮಿನ ಎಸ್ಸೆಸ್ಸೆಲ್ಸಿ, ಬೆಟಗೇರಿಯಲ್ಲಿ ಸಣ್ಣ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು, ಈಗ ಮೊಬೈಲ್ ರಿಪೇರಿ. 'ಐಐಟಿ ಮಾಸ್ತರ ಪಾಠ ಮನ್ಯಾಗ ಕುಂತ ಕೇಳಾಕ ಸಿಗತೈತಿ ಅಂದ್ರ ಬಿಡಬ್ಯಾಡ' ಅಂದಿದ್ದಾರೆ.

ಇವರಲ್ಲಿ ಯಾರು ಕೊನೆಯತನಕ ಉಳಿಯುತ್ತಾರೆ ಅಂತ ನೀವು ಮನಸ್ಸಿನಲ್ಲೇ ಪಣ ಕಟ್ಟಿದ್ದೀರಿ. ನಾನೂ ಕಟ್ಟಿದ್ದೆ. ಸೋತೆ.

ಹತ್ತೂವರೆ. ಬಾಗಲಕೋಟೆ ವಿಡಿಯೊವನ್ನು 1.75 ವೇಗದಲ್ಲಿ ಓಡಿಸುತ್ತಿದ್ದಾಳೆ. ಮೇಷ್ಟರ ದನಿ ಇರುವೆ ಮಾತಾಡಿದ ಹಾಗೆ ಕೇಳುತ್ತದೆ. ಒಂದು ಸಿಗ್ನಲ್ಲನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸು, ಜಾರಿಸು, ಗುಣಿಸು, ಕೂಡಿಸು. ಆಕೆಯ ಹುಬ್ಬು ಗಂಟಿಕ್ಕಿದ್ದು ಗಮನಿಸಿದಿರಾ? ಹಿಂದಕ್ಕೆ ಹೋದಳು. ಮತ್ತೆ ಓಡಿಸಿದಳು. ಮತ್ತೆ ಗಂಟು. 'ತಿರುಗಸೂದು ಯಾಕ? ಯಾಕ್ ತಿರುಗಸಬೇಕು?' ಅಂತ ತನಗೇ ಕೇಳಿಕೊಂಡಳು. ಯಾರೂ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ; ಕೇಳದೇ ಬಾಯಿ ಹಾಕಿದರೆ ಬಾಡಿಗೆ ಬಿಟ್ಟು ಹೋಗುವ ವಯಸ್ಸು ಅದು.

ಹುಬ್ಬಿನ ಆ ಗಂಟಿನಲ್ಲೇ ನನಗೆ ಆಸಕ್ತಿ. ಸಿಡ್ನಿ ಡಿಮೆಲ್ಲೊ ಮತ್ತು ಆರ್ಥರ್ ಗ್ರೇಸರ್ ಎಂಬಿಬ್ಬರು ಸಂಶೋಧಕರು ಕಂಪ್ಯೂಟರ್ ಮುಂದೆ ಕೂತು ಕಲಿಯುವವರ ಮುಖವನ್ನು ವರ್ಷಗಟ್ಟಲೆ ಹಿಂಬಾಲಿಸಿ 2012ರಲ್ಲಿ ಬರೆದದ್ದು ಇದನ್ನೇ. ಗೊಂದಲ ಕೆಟ್ಟದ್ದಲ್ಲ. ಗಂಟು ಬಿಚ್ಚಿಕೊಂಡರೆ ಮನಸ್ಸು ಪಾಠಕ್ಕೆ ಮರಳಿ ಮೊದಲಿಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಿಚ್ಚಿಕೊಳ್ಳದಿದ್ದರೆ ಅದು ಸಿಡುಕಾಗುತ್ತದೆ, ಸಿಡುಕು ಮುಂದುವರಿದರೆ ಬೇಸರವಾಗುತ್ತದೆ. ಬೇಸರಕ್ಕೆ ಇಳಿದವರು ಹತ್ತುವುದು ಕಷ್ಟ. ಅದಕ್ಕೂ ಎರಡು ವರ್ಷ ಮುಂಚೆ, 2010ರಲ್ಲಿ, ರಯಾನ್ ಬೇಕರ್ ಮತ್ತು ಜೊತೆಗಾರರು ಫಿಲಿಪೀನ್ಸ್, ಅಮೆರಿಕಗಳ ವಿದ್ಯಾರ್ಥಿಗಳನ್ನು ನೋಡಿ, ಬೇಸರಪಡುವುದಕ್ಕಿಂತ ಸಿಡುಕುವುದೇ ಮೇಲು ಎಂಬ ತೀರ್ಮಾನಕ್ಕೆ ಬಂದಿದ್ದರು. ಸಿಡುಕುವವಳು ಇನ್ನೂ ಜಗಳದಲ್ಲಿದ್ದಾಳೆ. ಬೇಸರಪಟ್ಟವಳು ಆಗಲೇ ಎದ್ದುಹೋಗಿದ್ದಾಳೆ, ಮೈ ಮಾತ್ರ ಅಲ್ಲಿದೆ.

ಹಾಗೆ ಎದ್ದುಹೋದವಳನ್ನು ನೋಡಬೇಕಾದರೆ ಬಲಕ್ಕೆ ತಿರುಗಿ. ಹಾವೇರಿ ವಿಡಿಯೊವನ್ನು ಮ್ಯೂಟ್ ಮಾಡಿ ಮೂಲೆಗೆ ತಳ್ಳಿದ್ದಾಳೆ. ಇನ್ನೊಂದು ಕಿಟಕಿಯಲ್ಲಿ ಟೆಲಿಗ್ರಾಂ. 'ವೀಕ್ 3 ಆನ್ಸರ್ಸ್' ಅಂತ ಯಾರೋ ಹಾಕಿದ ಪಟ್ಟಿ: ಒಂದು ಬಿ, ಎರಡು ಡಿ, ಮೂರು ಎ. ಹತ್ತು ಉತ್ತರ ಟಕಟಕ ಒತ್ತಲು ನಲವತ್ತು ಸೆಕೆಂಡು. ಸಬ್‌ಮಿಟ್. ಒಂದು ಶೇಂಗಾ ಉಂಡಿ ಬಾಯಿಗೆ. 'ನಂದು ಆತು.'

ಬೈಯಬೇಡಿ. ಬೇಕರ್ ತಂಡ ಕಂಡದ್ದೂ ಇದನ್ನೇ: ಬೇಸರವಾದವರು ಪಾಠ ಬಿಟ್ಟು ಯಂತ್ರವನ್ನು ಯಾಮಾರಿಸಲು ಶುರುಮಾಡುತ್ತಾರೆ. ಈ ಹುಡುಗಿ ಸೋಮಾರಿಯಲ್ಲ. ಅಡುಗೆಯ ಸರದಿಯಲ್ಲಿ ಒಂದು ದಿನ ತಪ್ಪಿಸಿದವಳಲ್ಲ, ಹಾರ್ಮೋನಿಯಂ ಹಿಡಿದರೆ ಎರಡು ತಾಸು ಏಳುವುದಿಲ್ಲ. ಅಷ್ಟೇಕೆ, 1971ರಲ್ಲಿ ಎಡ್ವರ್ಡ್ ಡೆಸಿ ಎಂಬಾತ ಕಾಲೇಜು ಹುಡುಗರ ಕೈಗೆ ಸೋಮಾ ಎಂಬ, ತುಂಡು ಜೋಡಿಸುವ ಒಗಟು ಕೊಟ್ಟು ನೋಡಿದ. ಒಂದು ಗುಂಪಿಗೆ, ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟ. ದುಡ್ಡು ನಿಲ್ಲಿಸಿದ ಮೇಲೆ, ಬಿಡುವಿನ ಎಂಟು ನಿಮಿಷದಲ್ಲಿ ಒಗಟನ್ನು ಸುಮ್ಮನೆ ಕೈಗೆತ್ತಿಕೊಳ್ಳುವ ಆಸೆ ಆ ಗುಂಪಿಗೇ ಕಡಿಮೆಯಾಗಿತ್ತು. ಆಟ ಕೂಲಿಯಾಗಿಬಿಟ್ಟಿತ್ತು. ಹಾವೇರಿಯವಳ ಕೈಗೆ ಕೋರ್ಸು ಬಂದದ್ದೇ ಕೂಲಿಯಾಗಿ. ಕೂಲಿಯನ್ನು ನಲವತ್ತು ಸೆಕೆಂಡಿನಲ್ಲಿ ಮುಗಿಸಿದರೆ ಅದು ಜಾಣತನವೇ.

ಫಟ್. ಕರೆಂಟ್ ಹೋಯಿತು.

ಗಾಬರಿ ಬೇಡ, ರೂಟರ್ ಇನ್ವರ್ಟರಿನ ಮೇಲಿದೆ. ಬಲ್ಬು ಮಾತ್ರ ಇಲ್ಲ. ಈಗ ಪಡಸಾಲೆಯಲ್ಲಿ ಮೂರು ನೀಲಿ ಮುಖಗಳು, ಹೊರಗೆ ತಗಡಿನ ಮೇಲೆ ಮಳೆಯ ಸದ್ದು. ನನ್ನಾಕೆ ಮೇಣದ ಬತ್ತಿ ತಂದಿಟ್ಟು, ಡಬ್ಬಿಯೊಳಗೆ ಇಣುಕಿ, 'ಉಂಡಿ ಖಾಲಿ ಆಗೂತನಕ ಓದತಾವ ಇವು' ಅಂದಳು. ಕತ್ತಲಲ್ಲಿ ಮಾತು ತಾನಾಗಿ ಬರುತ್ತದೆ.

'ಸರ್, ನೀವು ಇಂಥಾವು ಎಂದರ ಮುಗಿಸೀರೇನ್ರಿ?' ಗದಗಿನವಳು ಕೇಳಿದಳು.

ಈ ಪ್ರಶ್ನೆ ಒಂದು ದಿನ ಬರುತ್ತದೆಂದು ನನಗೆ ಗೊತ್ತಿತ್ತು. 2012ರ ಮಾರ್ಚ್. ಎಂಐಟಿಯವರು, ಮಣಿಪಾಲದ್ದಲ್ಲ, ಅಮೆರಿಕದ್ದು, ತಮ್ಮ ಮೊದಲ ದೊಡ್ಡ ಉಚಿತ ಆನ್‌ಲೈನ್ ಕೋರ್ಸು ಬಿಟ್ಟರು. ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್. ಅದನ್ನು ನಡೆಸಿದ್ದು ನಮ್ಮ ಮಂಗಳೂರಿನಲ್ಲಿ ಬೆಳೆದ, ಮದ್ರಾಸ್ ಐಐಟಿಯಲ್ಲಿ ಓದಿದ ಅನಂತ್ ಅಗರ್ವಾಲ್. ಮುಂದೆ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣ ಕಟ್ಟಿದವರೂ ಅವರೇ. ಜಗತ್ತಿನಾದ್ಯಂತ ಸುಮಾರು 1,55,000 ಜನ ಹೆಸರು ಕೊಟ್ಟರು. ಅದರಲ್ಲಿ ಹುಬ್ಬಳ್ಳಿಯ ಒಬ್ಬ ಪಾಲಿಟೆಕ್ನಿಕ್ ಮೇಷ್ಟರೂ ಇದ್ದ. ವಿಷಯ ಗೊತ್ತಿದ್ದವನು, ಹೇಳಿಕೊಡುತ್ತಿದ್ದವನು. ಕೊನೆಗೆ ಪಾಸಾದವರು 7,157.

'ನೀವು?'

'ಉಳಿದವರ ಪೈಕಿ.'

ಮೂವರೂ ನಕ್ಕರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಆದರೆ ಅವರಿಗೆ ಹೇಳದ ಒಂದು ಮಾತನ್ನು ನಿಮಗೆ ಹೇಳುತ್ತೇನೆ. ನಾನು ಬಿಟ್ಟ ದಿನ ಯಾವುದು ಅಂತ ನೆನಪಿಲ್ಲ. ಬಿಡಬೇಕೆಂದು ನಿರ್ಧಾರ ಮಾಡಿದ ನೆನಪೂ ಇಲ್ಲ. ಒಂದು ರಾತ್ರಿ ಲೆಕ್ಕವೊಂದು ಬಗೆಹರಿಯಲಿಲ್ಲ. ಹೇಳಿಕೊಡುವವನಿಗೇ ಬಗೆಹರಿಯಲಿಲ್ಲವೆಂಬ ನಾಚಿಕೆ. ಮರುದಿನ ಆ ಪುಟ ತೆರೆಯಲು ಹೋದಾಗ ಕೈ ತಾನಾಗಿ ಬೇರೆ ಕಡೆ ಹೋಯಿತು. ಅದರ ಮರುದಿನವೂ. ಕಾಲೇಜು ಬಿಡುವವನು ಟಿಸಿ ಬರೆಸಿಕೊಳ್ಳಬೇಕು, ಅಪ್ಪನ ಸಹಿ ಬೇಕು, ಗುಮಾಸ್ತನ ಮುಖ ನೋಡಬೇಕು. ಆನ್‌ಲೈನ್ ಕೋರ್ಸು ಬಿಡುವವನಿಗೆ ಏನೂ ಮಾಡುವುದಿರುವುದಿಲ್ಲ. ಏನೂ ಮಾಡದಿರುವುದೇ ಬಿಡುವುದು.

ರೈನ್‌ಹಾರ್ಡ್ ಪೆಕ್ರುನ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ 2006ರಲ್ಲಿ ಮಂಡಿಸಿದ ಸಿದ್ಧಾಂತವೊಂದಿದೆ. ಅದರ ತಿರುಳನ್ನು ನಮ್ಮ ಭಾಷೆಗೆ ಇಳಿಸಿದರೆ ಹೀಗಾಗುತ್ತದೆ: ಕಲಿಯಲು ಕೂತವರ ಮನಸ್ಸು ಒಳಗೊಳಗೇ ಎರಡು ಪ್ರಶ್ನೆ ಕೇಳುತ್ತಿರುತ್ತದೆ. ಇದು ನನ್ನ ಕೈಲಾಗುತ್ತದಾ? ಇದು ನನಗೆ ಬೇಕಾ? ಬೇಕು, ಆದರೆ ಆಗುತ್ತದೋ ಇಲ್ಲವೋ ಅಂದರೆ ಆತಂಕ. ಬೇಕು, ಖಂಡಿತ ಆಗುವುದಿಲ್ಲ ಅಂದರೆ ಹತಾಶೆ. ಬೇಡವೇ ಬೇಡ ಅಂದರೆ ಬೇಸರ. ನನ್ನದು ಹತಾಶೆಗೆ ನಾಚಿಕೆಯ ಒಗ್ಗರಣೆ ಬಿದ್ದದ್ದು. ತರಗತಿಯಲ್ಲಾದರೆ ಪಕ್ಕದವನೂ ಪೆನ್ನು ಕಚ್ಚುತ್ತಿರುವುದು ಕಾಣುತ್ತದೆ, ಸಮಾಧಾನವಾಗುತ್ತದೆ. ಒಬ್ಬನೇ ಪರದೆಯ ಮುಂದೆ ಕೂತವನಿಗೆ ಜಗತ್ತಿನಲ್ಲಿ ತಾನೊಬ್ಬನೇ ದಡ್ಡ.

ಹನ್ನೊಂದೂ ಐದು. ಗದಗಿನ ಫೋನು ರಿಂಗಾಯಿತು. ಅಪ್ಪ. ಅಂಗಡಿ ಮುಚ್ಚಿ ಮನೆಗೆ ಬಂದು ಊಟ ಮಾಡಿ ಬುಧವಾರ ಈ ಹೊತ್ತಿಗೆ ಮಾಡುತ್ತಾರೆ. ಆಕೆ ಎದ್ದು ಹೋಗುವುದಿಲ್ಲ, ಸ್ಪೀಕರ್ ಹಾಕುತ್ತಾಳೆ. ಮಳೆಯ ಸದ್ದಿಗೆ ಇಲ್ಲವಾದರೆ ಕೇಳಿಸದು. ನೀವೂ ಕೇಳಿ.

'ಎಲ್ಲಿ ಸಿಕ್ಕೊಂಡಿ?'

'ಕನ್ವಲ್ಯೂಷನ್, ಅಪ್ಪಾ.'

'ಹಂಗಂದ್ರ?'

'ಅದ ತಿಳಿಯವಲ್ದು.'

'ಎಷ್ಟನೇ ಪ್ರಶ್ನೆತನಕ ಬಂದಿ?'

'ನಾಲ್ಕು.'

'ಹೋದ ವಾರ ಈ ಹೊತ್ತಿಗೆ ಎರಡಾಗಿತ್ತು ನೋಡ. ಇರಲಿ, ಮಾಡು.'

ಇಷ್ಟೇ. 'ಆತೇನು?' ಅಂತ ಅವರು ಯಾವತ್ತೂ ಕೇಳಿದ್ದನ್ನು ನಾನು ಕೇಳಿಲ್ಲ. ನಾನಂತೂ ಮೂವತ್ತು ವರ್ಷ ಮಕ್ಕಳನ್ನು ಕೇಳಿದ್ದು ಅದೊಂದೇ ಪ್ರಶ್ನೆ. ಕೆಟ್ಟುಹೋದ ಯಂತ್ರದ ಮುಂದೆ ದಿನವಿಡೀ ಕೂರುವವರಿಗೆ, ಎಲ್ಲಿ ಸಿಕ್ಕಿಕೊಂಡಿದೆ ಎಂಬುದೇ ಮೊದಲ ಪ್ರಶ್ನೆ ಅಂತ ಗೊತ್ತಿರಬೇಕು.

ಕೋರ್ಸು ಆರಿಸಿದ್ದು ಅಪ್ಪ. ಹಾಗಾದರೆ ಇದು ಹೇರಿಕೆಯೇ? ಪುಸ್ತಕದ ಪ್ರಕಾರ ಹೌದು ಎನ್ನಬೇಕು. ಆದರೆ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗದೆ ಇರದು. ಅಮೆರಿಕದ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರ ಜೋಡಿಸುವ ಒಗಟು. ಕೆಲವರಿಗೆ ತಮಗೆ ಬೇಕಾದ ಒಗಟು ಆರಿಸಿಕೊಳ್ಳಲು ಬಿಟ್ಟರು, ಕೆಲವರಿಗೆ ಅಪರಿಚಿತಳೊಬ್ಬಳು ಆರಿಸಿಕೊಟ್ಟಳು, ಉಳಿದವರಿಗೆ 'ಇದನ್ನು ನಿಮ್ಮಮ್ಮ ಆರಿಸಿದ್ದು' ಅಂದರು. ಬಿಳಿಯರ ಮಕ್ಕಳು ತಾವೇ ಆರಿಸಿದಾಗ ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ಹೆಚ್ಚು ಹೊತ್ತು ಆಡಿದರು. ಏಷ್ಯಾ ಮೂಲದ ಮಕ್ಕಳು ಚೆನ್ನಾಗಿ ಮಾಡಿದ್ದು ಅಮ್ಮ ಆರಿಸಿದ್ದು ಅಂದಾಗ. ಅಪರಿಚಿತಳು ಆರಿಸಿದ್ದು ಮಾತ್ರ ಇಬ್ಬರಿಗೂ ಒಗ್ಗಲಿಲ್ಲ. ಆರಿಸಿದವರು ಯಾರು ಎಂಬುದರ ಜೊತೆಗೇ, ಅವರು ನಮ್ಮವರೋ ಅಲ್ಲವೋ ಎಂಬುದೂ ಇದೆ. ಸುತ್ತೋಲೆ ಬುಧವಾರ ರಾತ್ರಿ ಫೋನು ಮಾಡುವುದಿಲ್ಲ.

ಇದನ್ನು ಓದಿ ಅಪ್ಪಂದಿರು ಮೀಸೆ ತಿರುವಬೇಡಿ. ಮಗಳ ಮೇಲೆ ಕೋರ್ಸು ಹೇರಿ ಸುಮ್ಮನಾಗುವ ಅಪ್ಪನೂ ಒಂದು ಸುತ್ತೋಲೆಯೇ.

ಹನ್ನೊಂದೂ ಕಾಲು. ಈಗ ಬಾಗಲಕೋಟೆ ನನ್ನತ್ತ ತಿರುಗಿದಳು. ಬತ್ತಿಯ ಬೆಳಕಿನಲ್ಲಿ ಕಣ್ಣು ಕೆಂಪಗೆ ಕಾಣುತ್ತಿವೆ. 'ಸರ್, ಒಂದು ಕೇಳ್ಲ್ಯಾ? ಇದನ್ನ ತಿರುಗಸೂದು ಯಾಕ್ರಿ?'

ಕೇಳಿದಳು. ಇನ್ನು ಬಾಯಿ ಹಾಕಬಹುದು.

'ಆ ಗೋಡಿ ಮುಟ್ಟಿ ನೋಡು' ಅಂದೆ. ಮುಟ್ಟಿದಳು. 'ತೇವ ಐತಲ್ಲ, ಯಾವತ್ತಿನ ಮಳಿದು?' ಇವತ್ತಿನದು ಅಂದಳು. ಹಾವೇರಿ ಉಂಡಿ ಜಗಿಯುತ್ತ, 'ನಿನ್ನಿದೂ ಇರತೈತಿ' ಅಂದಳು. ಅಲ್ಲಿಗೆ ಅರ್ಧ ಪಾಠ ಮುಗಿಯಿತು. ಇವತ್ತು ಬಿದ್ದ ಮಳೆ ಪೂರ್ತಿ ತೇವವಾಗಿದೆ. ನಿನ್ನೆ ಬಿದ್ದದ್ದು ಅರ್ಧ ಆರಿದೆ, ಮೊನ್ನೆಯದು ಇನ್ನೂ ಹೆಚ್ಚು ಆರಿದೆ. ಗೋಡೆಯ ಇವತ್ತಿನ ತೇವ ಬೇಕೆಂದರೆ ಇವತ್ತಿನ ಮಳೆಯನ್ನು ಒಂದರಿಂದ ಗುಣಿಸು, ನಿನ್ನೆಯದನ್ನು ಅರ್ಧದಿಂದ, ಮೊನ್ನೆಯದನ್ನು ಕಾಲಿನಿಂದ, ಆಮೇಲೆ ಕೂಡು. ಮಳೆಯ ಪಟ್ಟಿ ಹಳೆಯದರಿಂದ ಹೊಸದಕ್ಕೆ ಬರೆದಿರುತ್ತೀ. ಆರುವ ಪಟ್ಟಿ ಹೊಸದರಿಂದ ಹಳೆಯದಕ್ಕೆ ಹೋಗುತ್ತದೆ. ಎರಡನ್ನೂ ಎದುರುಬದುರು ಇಡಬೇಕೆಂದರೆ ಒಂದನ್ನು ತಿರುಗಿಸದೆ ಗತಿಯಿಲ್ಲ. ನಾಳೆಯ ಲೆಕ್ಕಕ್ಕೆ ಒಂದು ಮನೆ ಜಾರಿಸು. ತಿರುಗಿಸು, ಜಾರಿಸು, ಗುಣಿಸು, ಕೂಡಿಸು.

ಸ್ವಲ್ಪ ಹೊತ್ತು ಮಳೆ ಮಾತ್ರ ಕೇಳಿಸಿತು.

'ಅಯ್ಯ ಇಷ್ಟs ಏನು!' ಅಂದದ್ದು ಬಾಗಲಕೋಟೆಯಲ್ಲ, ಹಾವೇರಿ. ಮೂಲೆಗೆ ತಳ್ಳಿದ್ದ ವಿಡಿಯೊವನ್ನು ನಡುವಿಗೆ ಎಳೆದುಕೊಂಡಳು. ಆಗಲೇ ಒಪ್ಪಿಸಿದ್ದ ಅಸೈನ್‌ಮೆಂಟು ಮತ್ತೆ ತೆರೆದಳು, ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಬದಲಿಸಿ ಒಪ್ಪಿಸಬಹುದು. 'ಮೂರನೇದು ಎ ಅಲ್ಲ, ಟೆಲಿಗ್ರಾಂನಾಗ ತಪ್ಪು ಹಾಕ್ಯಾರ' ಅಂತ ಕೂಗಿದಳು. ಆ ದನಿಯಲ್ಲಿದ್ದ ಹುರುಪನ್ನು ಆಕೆ ಹಾರ್ಮೋನಿಯಂ ಹಿಡಿದಾಗ ಮಾತ್ರ ಕೇಳಿದ್ದೇನೆ. ಕ್ರೆಡಿಟ್ಟಿಗಾಗಿ ಬಂದವಳು ನಾಲ್ಕು ಹೆಜ್ಜೆ ತನಗಾಗಿ ನಡೆದಳು. ಮುಂದಿನ ವಾರ ಮತ್ತೆ ಟೆಲಿಗ್ರಾಂಗೆ ಹೋದಳು, ಅದನ್ನೂ ಹೇಳಿಬಿಡುತ್ತೇನೆ.

ಅಗರ್ವಾಲರ ಆ ಮೊದಲ ಕೋರ್ಸಿನ ದತ್ತಾಂಶ ಅಗೆದವರಿಗೆ 2013ರಲ್ಲಿ ಇಂಥದೇ ಒಂದು ಕುರುಹು ಸಿಕ್ಕಿತ್ತು. ಪರದೆಯ ಆಚೆ, ಜೊತೆಗೆ ಓದುವ ಒಬ್ಬರೋ ವಿಷಯ ಬಲ್ಲ ಒಬ್ಬರೋ ಪಕ್ಕದಲ್ಲಿದ್ದವರಿಗೆ ಒಬ್ಬಂಟಿಗರಿಗಿಂತ ಸುಮಾರು ಮೂರು ಅಂಕ ಹೆಚ್ಚು ಬರುವ ಸಂಭವವಿತ್ತು. ಆ ಸಲ ಪೂರ್ಣಾಂಕ ಪಡೆದ 340 ಜನರಲ್ಲಿ ಮಂಗೋಲಿಯಾದ ಹದಿನೈದರ ಹುಡುಗ ಬಟ್ಟುಶಿಗ್ ಮ್ಯಾಂಗನ್‌ಬಾಯರ್ ಲೋಕಪ್ರಸಿದ್ಧನಾದ. ಇಂಟರ್ನೆಟ್ಟು ಹುಟ್ಟಿಸಿದ ಏಕಲವ್ಯ ಅಂತ ಎಲ್ಲರೂ ಕೊಂಡಾಡಿದರು. ಅವನು ಏಕಲವ್ಯನಲ್ಲ. ಅವನ ಶಾಲೆಯಲ್ಲಿ ಒಟ್ಟಿಗೆ ಕೂತು ಈ ಕೋರ್ಸು ಮಾಡುವ ಗುಂಪಿತ್ತು, ಕೈಯಾರೆ ಸರ್ಕ್ಯೂಟು ಕಟ್ಟಿಸಲು ಸ್ಟ್ಯಾನ್‌ಫರ್ಡ್‌ನಿಂದ ಒಬ್ಬರು ಹೋಗಿದ್ದರು.

11.48. ಕರೆಂಟ್ ಬಂತು. ಬತ್ತಿ ಆರಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಗದಗ ಒಂಬತ್ತನೇ ಪ್ರಶ್ನೆಯಲ್ಲಿದ್ದಾಳೆ, ಬೆರಳು ಮಡಚಿ ಎಣಿಸುತ್ತಿದ್ದಾಳೆ. ಬಾಗಲಕೋಟೆ ಕನ್ವಲ್ಯೂಷನ್ ಮುಗಿಸಿ ಹಿಗ್ಗಿನಲ್ಲಿ ಒಮ್ಮೆ ಕೈ ಮೇಲೆತ್ತಿದಳು. ಆಮೇಲೆ ಪರದೆಯ ಮೇಲಿನ ಉಳಿದ ಟ್ಯಾಬುಗಳನ್ನು ನೋಡಿದಳು. ಪೈಥಾನ್ ಬಾಕಿ. ಮಷೀನ್ ಲರ್ನಿಂಗ್ ಬಾಕಿ. ಜರ್ಮನ್ ಎರಡು ವಾರದಿಂದ ಬಾಕಿ. ಆ ಮುಖ ನೋಡಿ. ಹನ್ನೊಂದು ನಿಮಿಷ, ನಾಲ್ಕು ಕೋರ್ಸು. ಗೆದ್ದ ಮುಖ ಕ್ಷಣಾರ್ಧದಲ್ಲಿ ಸಾಲಗಾರನ ಮುಖವಾಯಿತು.

11.57. ಗದಗ ಸಬ್‌ಮಿಟ್ ಒತ್ತಿದಳು. 11.59. ಉಂಡಿಯ ಡಬ್ಬಿ ಖಾಲಿ.

ಸೆಪ್ಟೆಂಬರ್. ಗಣಪತಿ ಹೋಗಿ ಆಗಿದೆ, ಮಳೆ ಹಿಂದೆ ಸರಿದಿದೆ, ಗೋಡೆ ಆರಿದೆ. ಮತ್ತೊಂದು ಬುಧವಾರ, ಏಳನೇ ವಾರ. ಚಾಪೆಯ ಮೇಲೆ ಇಬ್ಬರೇ ಇದ್ದಾರೆ. ಬಾಗಲಕೋಟೆ ಮೇಲೆ ಮಲಗಿದ್ದಾಳೆ, ತಲೆನೋವಂತೆ. ಹೋದ ಬುಧವಾರವೂ ತಲೆನೋವಿತ್ತು. ಐದನೇ ವಾರದ ಅಸೈನ್‌ಮೆಂಟು ಅರ್ಧ ಮಾಡಿ ಒಪ್ಪಿಸಲಿಲ್ಲ, ಆರನೆಯದು ತೆರೆಯಲೇ ಇಲ್ಲ. ಪರೀಕ್ಷೆಯ ಶುಲ್ಕ ಕಟ್ಟುವ ಕಡೆಯ ದಿನ ಯಾವುದಕ್ಕೆ ಕಟ್ಟಲಿ ಎಂದು ಲೆಕ್ಕ ಹಾಕುತ್ತ ಯಾವುದಕ್ಕೂ ಕಟ್ಟಲಿಲ್ಲ. ನಾನು ಕಟ್ಟಿದ್ದ ಪಣ ಈಕೆಯ ಮೇಲೇ. ತಾನೇ ಆರಿಸಿದವಳು, ಗೇಟ್ ಬರೆಯುವವಳು, ಮೂವರಲ್ಲಿ ಚುರುಕು.

ಬಿಟ್ಟಳೆಂದು ಹೇಳಿದರೆ ಜಗಳಕ್ಕೆ ಬರುತ್ತಾಳೆ. 'ಬಿಟ್ಟಿಲ್ರಿ ಸರ್, ಆಮ್ಯಾಲ ಮಾಡತೇನಿ.' ನನಗೆ ಚೆನ್ನಾಗಿ ಪರಿಚಯವಿರುವ ಮಾತು.

ಅಯ್ಯಂಗಾರ್ ಮತ್ತು ಲೆಪ್ಪರ್ ಜೋಡಿ ಮರುವರ್ಷ ಪ್ರಕಟಿಸಿದ ಇನ್ನೊಂದು ಕೆಲಸವಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಬೇಕಾದರೆ ಒಂದು ಪ್ರಬಂಧ ಬರೆಯಿರಿ, ಹೆಚ್ಚಿನ ಅಂಕ ಸಿಗುತ್ತದೆ ಅಂದರು. ಕೆಲವರ ಮುಂದೆ ಆರು ವಿಷಯ ಇಟ್ಟರು, ಕೆಲವರ ಮುಂದೆ ಮೂವತ್ತು. ಆರು ಕೊಟ್ಟವರಲ್ಲಿ ಶೇಕಡಾ 74 ಮಂದಿ ಬರೆದು ತಂದರು. ಮೂವತ್ತು ಕೊಟ್ಟವರಲ್ಲಿ 60. ಪ್ರಬಂಧವೂ ಆರರವರದೇ ಚೆನ್ನಾಗಿತ್ತು. ಸಂತೆಯಲ್ಲಿ ಎಲ್ಲ ಅಂಗಡಿಯ ಮುಂದೆ ನಿಂತವನ ಚೀಲ ಖಾಲಿ. ಬಾಗಲಕೋಟೆ ಆರಿಸಿದಳೆಂದು ನಾನು ತಿಳಿದಿದ್ದೆ. ಐದಕ್ಕೂ ಹೆಸರು ಕೊಟ್ಟವಳು ಯಾವುದನ್ನು ಆರಿಸಿದಂತಾಯಿತು?

ಇಲ್ಲಿ ಸುಲಭದ ಮದ್ದು ಯಾರಾದರೂ ಹೇಳಿಯೇ ಹೇಳುತ್ತಾರೆ: ವೇಳಾಪಟ್ಟಿ ಬರೆಸಿ, ಗುರಿ ಬರೆಸಿ ಗೋಡೆಗೆ ಅಂಟಿಸಿ. ಅದನ್ನೂ ಮಾಡಿ ನೋಡಿದ್ದಾರೆ. ಎರಡೂವರೆ ವರ್ಷ, 250ರಷ್ಟು ಆನ್‌ಲೈನ್ ಕೋರ್ಸು, ಸುಮಾರು ಎರಡೂವರೆ ಲಕ್ಷ ವಿದ್ಯಾರ್ಥಿಗಳು. ರೆನೆ ಕಿಜಿಲ್ಸೆಕ್, ಜಸ್ಟಿನ್ ರೀಕ್ ಮತ್ತು ಇತರರು 2020ರಲ್ಲಿ ಪ್ರಕಟಿಸಿದರು. ಯೋಜನೆ ಬರೆಸಿದ್ದರಿಂದ ಮೊದಲ ಕೆಲವು ವಾರ ಹುರುಪು ಹೆಚ್ಚಿತು. ಕೋರ್ಸು ಮುಗಿಸಿದವರ ಸಂಖ್ಯೆ ಹೆಚ್ಚಲಿಲ್ಲ. ಬಾಗಲಕೋಟೆಯ ಮಂಚದ ಮೇಲಿನ ಗೋಡೆಯಲ್ಲಿ ಮೂರು ಬಣ್ಣದ ಸ್ಕೆಚ್‌ಪೆನ್ನಿನಲ್ಲಿ ಬರೆದ ವೇಳಾಪಟ್ಟಿ ಈಗಲೂ ಇದೆ, ಬಲು ಚೆಂದವಾಗಿದೆ.

ಸಂಖ್ಯೆಗಳು ಬೇಕೆಂದರೆ ಎಂಐಟಿ ಮತ್ತು ಹಾರ್ವರ್ಡ್ ಕೋರ್ಸುಗಳದೇ ತೆಗೆದುಕೊಳ್ಳಿ. 2017-18ರಲ್ಲಿ ಹೆಸರು ಕೊಟ್ಟವರಲ್ಲಿ ಮುಗಿಸಿದವರು ಶೇಕಡಾ 3.13. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆಂದೇ ಬಂದವರಲ್ಲಿ 46. ದುಡ್ಡಿಗೆ ಮಂತ್ರಶಕ್ತಿ ಇದೆ ಅಂತಲ್ಲ. ದುಡ್ಡು ಕಟ್ಟುವಾಗ ಒಂದು ಕ್ಷಣ ಕೈ ತಡೆಯುತ್ತದೆ, ಬೇಕಾ ಬೇಡವಾ ಅಂತ ಮನಸ್ಸು ಕೇಳುತ್ತದೆ. ಉಚಿತವಾಗಿ ಹೆಸರು ಕೊಡುವಾಗ ಆ ಪ್ರಶ್ನೆ ಏಳುವುದೇ ಇಲ್ಲ. ಅದು ಏಳುವುದು ಮೂರನೇ ವಾರದ ರಾತ್ರಿ, ಒಂದು ಲೆಕ್ಕ ಬಗೆಹರಿಯದೆ ಕೂತಾಗ. ಆಗ ಆರಿಸಿಕೊಳ್ಳಬೇಕು. ನಾಲ್ಕನೇ ವಾರ ಇನ್ನೊಮ್ಮೆ. ಪಟ್ಟಿಯಲ್ಲಿ ಬೆರಳಿಟ್ಟದ್ದನ್ನು ಆಯ್ಕೆ ಎಂದು ಕರೆಯುವುದೇ ನಮ್ಮ ಮೊದಲ ತಪ್ಪು.

ಅಕ್ಟೋಬರ್ ಕೊನೆಯ ಭಾನುವಾರ. ಬಿಸಿಲು ಚುರುಗುಡುತ್ತಿದೆ. ಊರ ಹೊರಗಿನ ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ನನ್ನ ಸ್ಕೂಟರ್ ಪಕ್ಕ ನಿಂತುಕೊಳ್ಳಿ, ಇಲ್ಲಿ ಸ್ವಲ್ಪ ನೆರಳಿದೆ. ಒಳಗೆ ಇಬ್ಬರು ಹೋಗಿದ್ದಾರೆ. ಗದಗ ಹನ್ನೆರಡಕ್ಕೆ ಹನ್ನೊಂದು ಅಸೈನ್‌ಮೆಂಟು ಕೊಟ್ಟವಳು. ತಪ್ಪಿದ ಒಂದು, ಅಜ್ಜಿ ತೀರಿಕೊಂಡ ವಾರದ್ದು. ಹಾವೇರಿ ಹನ್ನೆರಡಕ್ಕೆ ಹನ್ನೆರಡು. ಅದರಲ್ಲಿ ತಾನೇ ಮಾಡಿದ್ದು ನಾಲ್ಕು ಅಂತ ಅವಳೇ ಲೆಕ್ಕ ಕೊಟ್ಟಿದ್ದಾಳೆ. ಕೊನೆಯವರೆಗೆ ಉಳಿದವರ ಅಂಕಿ-ಅಂಶದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬರುತ್ತಾರೆ. ಮೂರನೇ ವಾರ ಗೋಡೆ ಮುಟ್ಟಿ ಕನ್ವಲ್ಯೂಷನ್ ಕಲಿತ ಬಾಗಲಕೋಟೆ ಆ ಲೆಕ್ಕದಲ್ಲಿ ಸೊನ್ನೆ.

ಗೇಟಿನ ಆಚೆ, ಬೇವಿನ ಮರದಡಿ ಒಬ್ಬರು ನಿಂತಿದ್ದಾರೆ ನೋಡಿ. ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್, ಭಾನುವಾರವೂ. ಗದಗಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದಾರೆ. ಮಗಳಿಗೆ ಹೇಳಿಲ್ಲ, ಒಳಗೆ ಹೋದ ಮೇಲೆ ಬಂದರಾಯಿತು, ಇಲ್ಲವಾದರೆ ಗಾಬರಿಯಾಗತಾಳ ಅಂದರು. ಇಬ್ಬರೂ ಚಹಾ ಕುಡಿದೆವು. ಕನ್ವಲ್ಯೂಷನ್ ಅಂದರೇನು ಅಂತ ಕೇಳಿದರು. ಗೋಡೆಯ ಕತೆ ಹೇಳಿದೆ. 'ನಮ್ಮ ಹಳೇ ರೇಡಿಯೊದಾಗಿನ ಕಂಡೆನ್ಸರ್ ಹಂಗs ಅಲ್ಲೇನ್ರಿ, ಕರೆಂಟ್ ತಗದ ಮ್ಯಾಲೂ ಸ್ವಲ್ಪ ಹೊತ್ತು ಇಟಗೊಂಡಿರತೈತಿ' ಅಂದರು. ಹೌದು, ಹಾಗೆಯೇ.

ಐದು ಗಂಟೆಗೆ ಬಾಗಿಲು ತೆರೆಯಿತು. ಹಾವೇರಿ ನಗುತ್ತ ಬಂದಳು, ಗದಗ ಸಪ್ಪಗೆ ಬಂದಳು. ಮುಖ ನೋಡಿ ಅಂಕ ಹೇಳುವ ಚಟ ನಾನು ಬಿಟ್ಟಿದ್ದೇನೆ. ಅಪ್ಪನನ್ನು ಕಂಡು ಗದಗ ಅಲ್ಲೇ ನಿಂತಳು. ಅವರು ಕೇಳಿದ್ದು ಅದೇ ಪ್ರಶ್ನೆ: 'ಎಲ್ಲಿ ಸಿಕ್ಕೊಂಡಿ?'

ಮನೆಗೆ ಬಂದಾಗ ಬಾಗಲಕೋಟೆ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದಳು. ಹಾವೇರಿ ಚಪ್ಪಲಿ ಬಿಡುವ ಮುಂಚೆಯೇ, 'ಲೇ, ಗೋಡಿ ಪ್ರಶ್ನಿ ಬಂದಿತ್ತು!' ಅಂದಳು. ಬಾಗಲಕೋಟೆ ಪ್ರಶ್ನೆ ಕೇಳಿಕೊಂಡು, ಗಾಳಿಯಲ್ಲಿ ಬೆರಳಾಡಿಸಿ, ಅರ್ಧ ನಿಮಿಷದಲ್ಲಿ ಉತ್ತರ ಹೇಳಿದಳು. ಸರಿಯಿತ್ತು.

ಡಿಸೆಂಬರ್ ಕೊನೆಯಲ್ಲಿ ಬಾಗಲಕೋಟೆ ಬಂದು ನಿಂತಳು. ಜನವರಿಯ ಸರದಿಗೆ ಮತ್ತೆ ಹೆಸರು ಕೊಟ್ಟಿದ್ದಾಳಂತೆ, ಈ ಸಲ ನಾಲ್ಕೇ.

'ಮೂರು ಜಾಸ್ತಿ ಆದವು' ಅಂದೆ.